ಮಗ ಬಣ್ಣ ಬಳಿದ ಬಸ್ಸು, ಅದಕ್ಕೊಂದು ಬೆಲೆ

ಹನಗೋಡಿನಲ್ಲಿ ಹೀಗೊಂದು ಮನೆ ಎಂದಿಟ್ಟುಕೊಳ್ಳೋಣ. ರಾತ್ರಿಯ ಊಟ ಮುಗಿದಿದೆ. ಹತ್ತನೇ ತರಗತಿಯ ಮಗ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದಾನೆ. ತಾಯಿ ಬಂದು ಇಣುಕಿದರೆ ಪರದೆಯ ಮೇಲೆ ಹುಣಸೂರಿಗೆ ಹೋಗುವ ನಮ್ಮದೇ ಕೆಂಪು ಬಸ್ಸು! ಮುಂದೆ ಕನ್ನಡದ ಬೋರ್ಡು ಬೇರೆ.

"ಇದನ್ನು ನಾನೇ ಮಾಡಿದ್ದು ಅಮ್ಮಿ. ಒಬ್ಬರು 50 ರೂಪಾಯಿ ಕೊಡ್ತೀನಿ ಅಂತಿದ್ದಾರೆ."

ತಾಯಿಗೆ ಮೊದಲು ಹೆಮ್ಮೆ, ಹಿಂದೆಯೇ ಅನುಮಾನ. "ಆಟ ಯಾರದ್ದೋ, ಬಸ್ಸು ಯಾರದ್ದೋ. ಅದಕ್ಕೆ ನೀನು ದುಡ್ಡು ತಗೊಂಡರೆ ಹಲಾಲ್ ಆಗುತ್ತಾ ಬೇಟಾ?"

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದೇ ಪ್ರಶ್ನೆಗೆ ಉತ್ತರ ಹೇಳಲಾಗದೆ ದೊಡ್ಡ ದೊಡ್ಡ ಕಂಪೆನಿಗಳೇ ಕೈ ಸುಟ್ಟುಕೊಂಡಿವೆ.

ಏನಿದು 'ಮಾಡ್'?

ಕಂಪೆನಿಯೊಂದು ತಯಾರಿಸಿದ ವೀಡಿಯೊ ಗೇಮ್‌ಗೆ ಆಟಗಾರರೇ ಹೊಸ ಬಣ್ಣ, ಹೊಸ ವಾಹನ, ಹೊಸ ರಸ್ತೆ ಸೇರಿಸುವುದುಂಟು. ಇದಕ್ಕೆ 'ಮಾಡ್' ಎನ್ನುತ್ತಾರೆ. ಇಂಡೋನೇಷ್ಯಾದ ಮಾಲಿಯೊ ಸಂಸ್ಥೆ 2017ರಲ್ಲಿ ಹೊರತಂದ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ನಮ್ಮ ಹುಡುಗರಿಗೆ ಬಹಳ ಇಷ್ಟ. ಬಸ್ಸಿಗೆ ಬೇಕಾದ ಬಣ್ಣ ಹಚ್ಚಲು, ಸ್ವಂತ ವಾಹನ ಸೇರಿಸಲು ಅದರಲ್ಲಿ ಅವಕಾಶವಿದೆ. ಹಾಗಾಗಿಯೇ ಕೇರಳದ ಖಾಸಗಿ ಬಸ್ಸುಗಳೂ ಕರ್ನಾಟಕದ ಸರ್ಕಾರಿ ಬಸ್ಸುಗಳೂ ಆ ಆಟದೊಳಗೆ ಓಡಾಡುತ್ತಿವೆ. ಇವುಗಳಲ್ಲಿ ಹೆಚ್ಚಿನವು ಉಚಿತ. ಕೆಲವಕ್ಕೆ ಮಾತ್ರ ಪಾಸ್‌ವರ್ಡಿನ ಬೀಗವಿರುತ್ತದೆ. ದುಡ್ಡು ಕೊಟ್ಟವರಿಗಷ್ಟೇ ಬೀಗದ ಕೈ.

ಇದನ್ನು ಬರೀ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಜಗತ್ಪ್ರಸಿದ್ಧ 'ಕೌಂಟರ್-ಸ್ಟ್ರೈಕ್' 1999ರಲ್ಲಿ ಹುಟ್ಟಿದ್ದು 'ಹಾಫ್-ಲೈಫ್' ಎಂಬ ಆಟಕ್ಕೆ ಇಬ್ಬರು ಅಭಿಮಾನಿಗಳು ಮಾಡಿದ ಮಾಡ್ ಆಗಿ. ಮರುವರ್ಷವೇ ಮೂಲ ಆಟವನ್ನು ತಯಾರಿಸಿದ್ದ ವಾಲ್ವ್ ಕಂಪೆನಿ ಅದನ್ನು ಕೊಂಡು, ಅವರಿಗೆ ಕೆಲಸವನ್ನೂ ಕೊಟ್ಟಿತು.

ನಾಲ್ಕೇ ದಿನದ ಅಂಗಡಿ

2015ರ ಏಪ್ರಿಲ್ 23ರಂದು ಅದೇ ವಾಲ್ವ್, ಬೆಥೆಸ್ಡಾ ಕಂಪೆನಿಯೊಡನೆ ಸೇರಿ 'ಸ್ಕೈರಿಮ್' ಎಂಬ ಆಟದ ಮಾಡ್‌ಗಳ ಮಾರಾಟಕ್ಕೆ ಅಂಗಡಿ ತೆರೆಯಿತು. ಮಾಡಿದವನಿಗೆ ಸಿಗುತ್ತಿದ್ದುದು ನೂರಕ್ಕೆ 25. ಉಳಿದ 75 ಕಂಪೆನಿಗಳ ಪಾಲು. ಅಷ್ಟರವರೆಗೆ ಉಚಿತವಾಗಿ ಪಡೆಯುತ್ತಿದ್ದ ಆಟಗಾರರು ಸಿಡಿದೆದ್ದರು. ಲಕ್ಷಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು.

ಇನ್ನೊಂದು ತೊಡಕೂ ಎದುರಾಯಿತು. ಮೀನು ಹಿಡಿಯುವುದನ್ನು ಆಟಕ್ಕೆ ಸೇರಿಸುವ ಒಂದು ಮಾಡ್, ಮತ್ತೊಬ್ಬರು ಉಚಿತವಾಗಿ ಹಂಚಿದ್ದ ಕೆಲಸದ ಮೇಲೆ ನಿಂತಿತ್ತು. ಅವರ ಒಪ್ಪಿಗೆ ಇರಲಿಲ್ಲ. ಗಲಾಟೆಯಾಗಿ ಅದನ್ನು ಮಾರಾಟದಿಂದ ತೆಗೆಯಬೇಕಾಯಿತು. ಏಪ್ರಿಲ್ 27ಕ್ಕೆ ಅಂಗಡಿಯೇ ಮುಚ್ಚಿತು, ಕೊಂಡವರಿಗೆ ಹಣ ವಾಪಸಾಯಿತು.

ಎರಡೂ ಕಡೆಯ ಮಾತಿನಲ್ಲಿ ಸತ್ಯವಿತ್ತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿದವನಿಗೆ ಕೂಲಿ ಬೇಡವೇ ಎಂದರು ಕೆಲವರು. ಒಬ್ಬರದನ್ನೊಬ್ಬರು ಹಂಚಿಕೊಂಡು ಬೆಳೆಸಿದ ತೋಟಕ್ಕೆ ಬೇಲಿ ಹಾಕುತ್ತೀರಾ ಎಂದರು ಉಳಿದವರು. ಮಾರಾಟ ಅಲ್ಲಿಗೇ ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ಬೆಥೆಸ್ಡಾ, ತಾನು ಒಪ್ಪಿದ ತಯಾರಕರು ಅದೇ ಆಟಕ್ಕೆ ಮಾಡ್ ಮಾರಲು ಮತ್ತೆ ದಾರಿ ಮಾಡಿಕೊಟ್ಟಿತು.

ಬಟ್ಟೆ ಯಾರದ್ದು, ಹೊಲಿಗೆ ಯಾರದ್ದು?

ಮನೆಯಲ್ಲೇ ಹೊಲಿಗೆ ಮಾಡುವ ಸಹೋದರಿಯರಿಗೆ ಇದು ಬೇಗ ಅರ್ಥವಾದೀತು. ಗಿರಾಕಿ ತಂದ ಬಟ್ಟೆಯನ್ನು ಹೊಲಿದು ಕೂಲಿ ಪಡೆಯುವುದು ನ್ಯಾಯ. ಆದರೆ ಬಟ್ಟೆಯೇ ನನ್ನದು ಎನ್ನುವಂತಿಲ್ಲ. ಪಕ್ಕದ ಮನೆಯಾಕೆ ಹಾಕಿದ ಕಸೂತಿಯನ್ನು ನನ್ನದೆಂದು ತೋರಿಸಿ ದುಡ್ಡು ಕೇಳುವುದಂತೂ ಸಲ್ಲ. ಆಟದ ವಿಷಯವೂ ಹೀಗೆಯೇ. ಆಟ ಕಂಪೆನಿಯದು. ಬಸ್ಸಿನ ಆಕಾರ ಮಾಡಿದವನು ಬಹುಶಃ ಬೇರೊಬ್ಬ. ಬಣ್ಣ ಮಾತ್ರ ಮಗನದು.

ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗೂ ಚಿತ್ರಕ್ಕೂ ರಕ್ಷಣೆ ನೀಡುತ್ತದೆ. ಮಗ ಸ್ವಂತವಾಗಿ ಬಿಡಿಸಿದ್ದಕ್ಕೆ ಅವನಿಗೂ ಹಕ್ಕಿದೆ. ಆದರೆ ಬಸ್ಸಿನ ಮೇಲಿರುವ ಹೆಸರು, ಲಾಂಛನ ಸಾರಿಗೆ ಸಂಸ್ಥೆಯ ಸ್ವತ್ತು. 'ಕೆಎಸ್‌ಆರ್‌ಟಿಸಿ' ಎಂಬ ಹೆಸರಿಗಾಗಿಯೇ ಕರ್ನಾಟಕ, ಕೇರಳಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆದು, ಅದು ಮದ್ರಾಸ್ ಹೈಕೋರ್ಟಿನವರೆಗೂ ಹೋಗಿತ್ತು!

ನಿಯಮಗಳೂ ಆಟದಿಂದ ಆಟಕ್ಕೆ ಬೇರೆ. 'ಮೈನ್‌ಕ್ರಾಫ್ಟ್'ನ ಜಾವಾ ಆವೃತ್ತಿಗೆ ನೀವೇ ಮಾಡಿದ ಮಾಡ್ ನಿಮ್ಮದೇ. ಆದರೆ ಅದನ್ನು ಹಣಕ್ಕೆ ಮಾರಬಾರದು.

ಮನೆಯಲ್ಲಿ ಕೇಳಬೇಕಾದ್ದು

ಮೊಬೈಲ್ ಕಿತ್ತುಕೊಂಡು ಬೈದರೆ ಮಗ ನಾಳೆಯಿಂದ ಕದ್ದು ಮಾಡುತ್ತಾನೆ, ಅಷ್ಟೆ. ಅದರ ಬದಲು ಪಕ್ಕದಲ್ಲಿ ಕುಳಿತು ಕೇಳಿ: ಮಾರಲು ಈ ಆಟದವರ ಒಪ್ಪಿಗೆ ಇದೆಯೇ? ಇದರಲ್ಲಿ ಬೇರೆಯವರ ಕೆಲಸ ಎಷ್ಟಿದೆ, ಅವರನ್ನು ಕೇಳಿದ್ದೀಯಾ, ಅವರ ಹೆಸರು ಹಾಕಿದ್ದೀಯಾ? ದುಡ್ಡು ಕೊಟ್ಟವರಿಗೆ ಹೇಳಿದ್ದನ್ನೇ ಕೊಡುತ್ತೀಯಾ?

ಮಗ ಕೊಳ್ಳುವವನಾಗಿದ್ದರೂ ಎಚ್ಚರ ಬೇಕು. ಅಬ್ಬಾನ ಫೋನಿನಿಂದ ಗುರುತಿಲ್ಲದವರಿಗೆ ಹಣ ಕಳಿಸಿದ ಮೇಲೆ ಪಾಸ್‌ವರ್ಡ್ ಬಾರದಿದ್ದರೆ ಯಾರನ್ನು ಕೇಳುವುದು? ಒಟಿಪಿ, ಪಿನ್ ಯಾರಿಗೂ ಹೇಳಬಾರದೆಂಬುದನ್ನೂ ಮಕ್ಕಳಿಗೆ ತಿಳಿಸಿರಿ.

ಈಗ ಆ ತಾಯಿಯ ಮಾತಿಗೆ ಬರೋಣ. ದುಡಿಮೆಗೆ ಕೂಲಿ ಪಡೆಯುವುದು ತಪ್ಪಲ್ಲ. ತನ್ನದಲ್ಲದ್ದನ್ನು ತನ್ನದೆಂದು ಮಾರುವುದು ತಪ್ಪು. ಒಪ್ಪಿಗೆ ಸಿಗುವವರೆಗೆ ಬಸ್ಸನ್ನು ಗೆಳೆಯರಿಗೆ ಹಾಗೆಯೇ ಕೊಡಲಿ, ಕೈ ಪಳಗಲಿ. ನಾಳೆ ಪೂರ್ತಿ ತನ್ನದೇ ಆದ ಬಸ್ಸು, ತನ್ನದೇ ಆದ ಆಟ ಮಾಡಿದಾಗ ಬೆಲೆಯನ್ನು ಧೈರ್ಯವಾಗಿ ಹೇಳಲಿ. ಮಗ 50 ರೂಪಾಯಿ ಬಿಟ್ಟ ಈ ದಿನವನ್ನು ತಾಯಿಯೂ ಮರೆಯುವುದಿಲ್ಲ.