ಹತ್ತು ಎಸೆತಗಳ ತೀರ್ಪು

ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನೊಬ್ಬ ಬ್ಯಾಸ್ಕೆಟ್‌ಬಾಲ್ ಆಟವನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದರೆ ಕೇಳುಗರಲ್ಲಿ ಕೆಲವರಿಗೆ ನಗು ಬರಬಹುದು. ಒಂದು ಕಾಲಕ್ಕೆ ನನಗೂ ಬರುತ್ತಿತ್ತು. ಶಿವಮೊಗ್ಗೆಯ ಕಾಲೇಜೊಂದರಲ್ಲಿ ನಾನು ಅಧ್ಯಾಪಕನಾಗಿದ್ದಾಗ, ಪ್ರಾಂಶುಪಾಲರು ಕ್ರೀಡಾ ಸಮಿತಿಯ ಅಧ್ಯಕ್ಷತೆಯನ್ನು ನನ್ನ ಹೆಗಲಿಗೆ ಹೊರಿಸಿದರು. ಆಟ ಬಲ್ಲವನು ಪಕ್ಷಪಾತ ಮಾಡಿಯಾನು, ಆಟವರಿಯದವನು ಮಾಡಲಾರ ಎಂಬುದು ಅವರ ತರ್ಕ. ಆ ತರ್ಕ ಎಷ್ಟು ದುರ್ಬಲವಾದುದೆಂಬುದನ್ನು ನಾನೇ ಸಾಧಿಸಿ ತೋರಿಸಿದೆ. ಒಬ್ಬ ಹುಡುಗನಿಗೆ ನನ್ನಿಂದಾದ ಅನ್ಯಾಯವೂ ಅದರಿಂದ ನಾನು ಕಲಿತ ಪಾಠವೂ ಈ ಭಾಷಣದ ವಸ್ತು.

ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾಗಿ ಕೆಲವು ವರ್ಷಗಳು ಕಳೆದಿದ್ದವು. ಅಂತರಕಾಲೇಜು ಪಂದ್ಯಾವಳಿಗೆ ಹನ್ನೆರಡು ಮಂದಿಯ ತಂಡವನ್ನು ಆರಿಸಬೇಕಾಗಿತ್ತು. ಹನ್ನೊಂದು ಹೆಸರುಗಳು ಸುಲಭವಾಗಿ ನಿಂತವು. ಹನ್ನೆರಡನೆಯ ಸ್ಥಾನಕ್ಕೆ ಇಬ್ಬರು. ಒಬ್ಬ ಊರಿನವನೇ, ಇನ್ನೊಬ್ಬ ಭದ್ರಾವತಿಯಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದ, ಕಬ್ಬಿಣದ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗ. ಇಬ್ಬರಿಗೂ ಹತ್ತು ಹತ್ತು ಫ್ರೀ ಥ್ರೋ ಕೊಡಿಸಿದೆ. ಊರಿನವನು ಏಳು ಹಾಕಿದ, ಭದ್ರಾವತಿಯವನು ಐದು. ನಾನು ಪಟ್ಟಿಗೆ ಸಹಿ ಮಾಡಿದೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಮೆಲ್ಲಗೆ, "ಸಾರ್, ಹತ್ತು ಎಸೆತ ಸಾಲದು. ಆ ಹುಡುಗನ ಕೈ ನೋಡಿ, ಚೆಂಡು ಬಿಡುವ ರೀತಿ ನೋಡಿ" ಎಂದರು. "ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಲದೇನ್ರೀ?" ಎಂದು ನಾನು ನಕ್ಕೆ. ಅವರು ಮರುಮಾತಾಡಲಿಲ್ಲ. ಮರುದಿನದಿಂದ ಆ ಹುಡುಗ ಕೋರ್ಟಿನ ಕಡೆ ಬರಲಿಲ್ಲ.

ಕೆಲವು ವಾರಗಳ ಮೇಲೆ ಆ ನಿರ್ದೇಶಕರ ದಿನಚರಿಯ ಪುಸ್ತಕ ನನ್ನ ಕೈಗೆ ಬಂತು. ಮೂರು ತಿಂಗಳ ಅಭ್ಯಾಸದ ಲೆಕ್ಕ ಅದರಲ್ಲಿತ್ತು. ಭದ್ರಾವತಿಯವನದು ಹೆಚ್ಚುಕಡಿಮೆ ಹತ್ತಕ್ಕೆ ಏಳು. ಊರಿನವನದು ಹತ್ತಕ್ಕೆ ಐದು. ನನ್ನ ಪರೀಕ್ಷೆ ಸತ್ಯವನ್ನು ತಲೆಕೆಳಗು ಮಾಡಿ ತೋರಿಸಿತ್ತು. ಅಂದಿನಿಂದ ನಾನು ಸಂಜೆಯ ಹೊತ್ತು ಕೋರ್ಟಿನ ಅಂಚಿನಲ್ಲಿ ಕುಳಿತು ನೋಡಲು ಕಲಿತೆ.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯ, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದು ಬೇಕೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದ. ಬುಟ್ಟಿ ಹೋಗಿ ಕಬ್ಬಿಣದ ರಿಂಗ್ ಬಂತು. ಆ ಹತ್ತು ಅಡಿ ಮಾತ್ರ ಇಂದಿಗೂ ಬದಲಾಗಿಲ್ಲ. ವೈ.ಎಂ.ಸಿ.ಎ. ಸಂಸ್ಥೆಯವರ ಮೂಲಕ ಆಟ ದೇಶದೇಶಗಳಿಗೆ ಹರಡಿತು. 1920ರಲ್ಲಿ ಮದರಾಸಿನಲ್ಲಿ ಆರಂಭವಾದ ಅವರ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದವರು ದಕ್ಷಿಣದ ಶಾಲೆ ಕಾಲೇಜುಗಳ ಅಂಗಳಗಳಿಗೆ ಹಲವು ಹೊಸ ಆಟಗಳನ್ನು ತಂದರು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಪುರುಷರ ತಂಡವೂ ಆಡಿತ್ತು.

ಚೆಂಡನ್ನು ರಿಂಗಿನೊಳಗೆ ಹಾಕುವುದು ಸುಲಭವೋ ಕಷ್ಟವೋ ಎಂಬುದನ್ನು ಕೊಂಚ ಅಳತೆಯಿಂದ ನೋಡೋಣ. ರಿಂಗಿನ ಒಳವ್ಯಾಸ ಸುಮಾರು 45 ಸೆಂಟಿಮೀಟರ್. ಪುರುಷರು ಆಡುವ ಚೆಂಡಿನ ವ್ಯಾಸ ಸುಮಾರು 24. ಎರಡು ಚೆಂಡುಗಳು ಪಕ್ಕಪಕ್ಕದಲ್ಲಿ ಹಿಡಿಸಲು ಸ್ವಲ್ಪವೇ ಸಾಲದಷ್ಟು ಜಾಗ. ನೇರವಾಗಿ ಮೇಲಿನಿಂದ ಬೀಳುವ ಚೆಂಡಿಗೆ ಇದು ವಿಶಾಲವಾದ ಬಾಯಿ. ಆದರೆ ಚೆಂಡು ಓರೆಯಾಗಿ ಬರುತ್ತದೆ. ಬಾವಿಯ ಬಾಯನ್ನು ದೂರದಿಂದ ನೋಡಿದಾಗ ಅದು ವೃತ್ತವಾಗಿರದೆ ಚಪ್ಪಟೆಯಾಗಿ ಕಾಣುವಂತೆ, ಓರೆಯಾಗಿ ಬರುವ ಚೆಂಡಿಗೆ ರಿಂಗ್ ಕಿರಿದಾಗುತ್ತದೆ. 45 ಡಿಗ್ರಿ ಕೋನದಲ್ಲಿ ಇಳಿಯುವ ಚೆಂಡಿನ ಪಾಲಿಗೆ ಆ ಬಾಯಿ 32 ಸೆಂಟಿಮೀಟರ್ ಮಾತ್ರ. ಕೋನ ಸುಮಾರು 32 ಡಿಗ್ರಿಗಿಂತ ಕಡಿಮೆಯಾದರೆ ಚೆಂಡು ಕಬ್ಬಿಣವನ್ನು ಮುಟ್ಟದೆ ಒಳಗೆ ಹೋಗುವುದು ಅಸಾಧ್ಯ. ಆದ್ದರಿಂದಲೇ ಬಲ್ಲವರು ಚೆಂಡನ್ನು ಗುರಿಯ ಕಡೆಗೆ ದೂಡುವುದಿಲ್ಲ, ಕಮಾನಿನಂತೆ ಎತ್ತಿ ಬಿಡುತ್ತಾರೆ. ಹಾಗೆಂದು ತೀರ ಎತ್ತರಕ್ಕೆ ಎಸೆದರೂ ಬಲ ಹೆಚ್ಚು ಬೇಕು, ಬಲ ಹೆಚ್ಚಾದಷ್ಟೂ ಹಿಡಿತ ತಪ್ಪುತ್ತದೆ. ಬೋರ್ಡಿನಿಂದ ಹದಿನೈದು ಅಡಿ ದೂರದ ಫ್ರೀ ಥ್ರೋ ಗೆರೆಯ ಮೇಲೆ ನಿಂತವನು ನೆಲಮಟ್ಟಕ್ಕೆ 50 ಡಿಗ್ರಿಯ ಆಸುಪಾಸಿನಲ್ಲಿ ಚೆಂಡನ್ನು ಬಿಟ್ಟರೆ ಅತಿ ಕಡಿಮೆ ಬಲ ಸಾಕಾಗುತ್ತದೆ. ಪೀಟರ್ ಬ್ರಾಂಕಾಜಿಯೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 1981ರಲ್ಲಿ ಈ ಆಟದ ಗಣಿತವನ್ನು ವಿವರವಾಗಿ ಬರೆದಿದ್ದಾರೆ. ನಮ್ಮ ಹುಡುಗರಿಗೆ ಆ ಗಣಿತ ತಿಳಿಯದು. ಆದರೆ ಅವರ ಮೊಣಕಾಲು, ಮೊಣಕೈ, ಮಣಿಕಟ್ಟುಗಳಿಗೆ ತಿಳಿದಿರುತ್ತದೆ.

ಹಾಗಾದರೆ ನೋಡುವವನು ಏನನ್ನು ನೋಡಬೇಕು? ಮೊದಲು ಕಾಲು. ಎಸೆತದ ಬಲ ತೋಳಿನಿಂದ ಬರುವುದಿಲ್ಲ. ಮೊಣಕಾಲು ಬಗ್ಗಿ ನೆಟ್ಟಗಾಗುವಾಗ ಹುಟ್ಟಿದ ಬಲ ಸೊಂಟ, ಭುಜ, ಮೊಣಕೈಗಳನ್ನು ದಾಟಿ ಬೆರಳ ತುದಿಗೆ ಬರಬೇಕು. ಎರಡನೆಯದು ಮೊಣಕೈ. ಅದು ಚೆಂಡಿನ ಕೆಳಗೆ, ರಿಂಗಿಗೆ ನೇರವಾಗಿ ಇರಬೇಕು. ಹೊರಕ್ಕೆ ಚಾಚಿಕೊಂಡರೆ ಚೆಂಡು ಪಕ್ಕಕ್ಕೆ ಹೋಗುತ್ತದೆ. ಮೂರನೆಯದು ಇನ್ನೊಂದು ಕೈ. ಅದು ಚೆಂಡಿಗೆ ಆಸರೆಯೇ ಹೊರತು ಎಸೆತದಲ್ಲಿ ಪಾಲುದಾರನಲ್ಲ. ಅದರ ಹೆಬ್ಬೆರಳು ಕೊನೆಯ ಗಳಿಗೆಯಲ್ಲಿ ಸಣ್ಣದೊಂದು ತಳ್ಳು ಕೊಟ್ಟರೂ ಕೆಲಸ ಕೆಡುತ್ತದೆ. ಕೊನೆಯದು ಮಣಿಕಟ್ಟು. ಚೆಂಡು ಕೈಬಿಟ್ಟ ಮೇಲೂ ಅದು ಬಾಗಿದಂತೆಯೇ ಗಳಿಗೆ ಹೊತ್ತು ನಿಲ್ಲಬೇಕು. ಹಾಗೆ ಬಿಟ್ಟ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗುತ್ತದೆ. ರಿಂಗಿಗೆ ತಗುಲಿದರೂ ಅದರ ಮುನ್ನುಗ್ಗುವ ವೇಗ ಕುಂದಿ, ಎಷ್ಟೋ ಸಲ ಒಳಗೇ ಬೀಳುತ್ತದೆ.

ಆದರೆ ಚೆಲುವಾದ ಭಂಗಿಯೇ ಒಳ್ಳೆಯ ಭಂಗಿಯೆಂದು ತಿಳಿಯಬಾರದು. ಛಂದಸ್ಸಿನಲ್ಲಿ ಶಿಥಿಲದ್ವಿತ್ವ ಎಂಬುದೊಂದಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕೆಂಬುದು ನಿಯಮ. ಆದರೆ ಕೆಲವೆಡೆ ಅದು ತೇಲಿ ಉಚ್ಚಾರವಾಗಿ ಲಘುವಾಗಿಯೇ ಉಳಿಯುತ್ತದೆ. ಬೆರಳೆಣಿಸಿ ಪ್ರಸ್ತಾರ ಹಾಕುವ ವಿದ್ಯಾರ್ಥಿ ಕವಿ ತಪ್ಪಿದನೆಂದು ಗುರುತು ಹಾಕುತ್ತಾನೆ. ಬಾಯಿಬಿಟ್ಟು ಓದಿದವನಿಗೆ ಲಯ ಸರಿಯಾಗಿಯೇ ಕೇಳುತ್ತದೆ. ಅಮೆರಿಕದ ರಿಕ್ ಬ್ಯಾರಿ ಎಂಬ ಆಟಗಾರ ಫ್ರೀ ಥ್ರೋಗಳನ್ನು ಎರಡೂ ಕೈಗಳಿಂದ, ಸೊಂಟದ ಕೆಳಗಿನಿಂದ, ಮಕ್ಕಳು ಎಸೆಯುವಂತೆ ಎಸೆಯುತ್ತಿದ್ದ. ನೋಡಿದವರು ನಗುತ್ತಿದ್ದರು. ಆದರೆ 1980ರಲ್ಲಿ ನಿವೃತ್ತನಾಗುವವರೆಗೆ ಅವನು ನೂರಕ್ಕೆ ಸುಮಾರು 90 ಎಸೆತಗಳನ್ನು ಒಳಗೆ ಹಾಕಿದ. ಅವನ ಗುಟ್ಟು ಏಕರೂಪತೆ: ಮೊದಲನೆಯ ಎಸೆತದಂತೆಯೇ ನೂರನೆಯದು. ನಾವು ಹುಡುಕಬೇಕಾದದ್ದೂ ಅದನ್ನೇ.

ಏಕರೂಪತೆಯನ್ನು ಕಾಣಲು ಗುರಿ ಮುಟ್ಟಿದ ಎಸೆತಗಳಿಗಿಂತ ತಪ್ಪಿದ ಎಸೆತಗಳೇ ಹೆಚ್ಚು ಸಹಾಯಕ. ನಮ್ಮ ನಿರ್ದೇಶಕರು ಪುಸ್ತಕದಲ್ಲಿ ತಪ್ಪುಗಳನ್ನು ನಾಲ್ಕು ಬಗೆಯಾಗಿ ಬರೆದಿಡುತ್ತಿದ್ದರು: ಎಡ, ಬಲ, ಮೋಟು, ಉದ್ದ. ಒಬ್ಬನ ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಚದುರಿದರೆ ಮೊಣಕೈಯೋ ಆಸರೆಯ ಕೈಯೋ ನೆಲೆಗೊಂಡಿಲ್ಲ ಎಂದು ಅವರ ಎಣಿಕೆ. ದಿಕ್ಕು ನೇರವಾಗಿದ್ದು ಚೆಂಡು ರಿಂಗಿನ ಮುಂದಂಚಿಗೋ ಹಿಂದಂಚಿಗೋ ಬಡಿಯುತ್ತಿದ್ದರೆ, ಭಂಗಿ ಸರಿಯಿದೆ, ಬಲದ ಹದ ಮಾತ್ರ ಕೂಡಿಬರಬೇಕು. ಭದ್ರಾವತಿಯ ಹುಡುಗ ಅಂದು ತಪ್ಪಿದ ಐದು ಎಸೆತಗಳೂ ಮುಂದಂಚಿಗೇ ಬಡಿದಿದ್ದವು, ಐದೂ ನೇರ. ಬೆಳಗಿನ ರೈಲಿಗೆ ಎದ್ದು, ದಿನವಿಡೀ ಪಾಠ ಕೇಳಿ, ಸಂಜೆ ಪರೀಕ್ಷೆಗೆ ನಿಂತವನ ಕಾಲುಗಳು ದಣಿದಿದ್ದವು. ಅದನ್ನು ನಾನು ಕಣ್ಣಾರೆ ಕಂಡೂ ಓದಲಾರದೆ ಹೋದೆ.

ಅಭ್ಯಾಸದ ಕ್ರಮವನ್ನೂ ಗಮನಿಸಬೇಕು. ಒಂದೇ ಜಾಗದಲ್ಲಿ ನಿಂತು, ಗೆಳೆಯ ಹಿಂದಿರುಗಿಸಿದ ಚೆಂಡನ್ನು ಐವತ್ತು ಸಲ ಎಸೆದರೆ ಕೈ ಪಳಗುತ್ತದೆ, ಅಂಕಿ ಏರುತ್ತದೆ. ಪಂದ್ಯದಲ್ಲಿ ಒಂದೇ ಜಾಗದಿಂದ ಎರಡನೆಯ ಎಸೆತ ದೊರೆಯುವುದು ಫ್ರೀ ಥ್ರೋ ಒಂದರಲ್ಲೇ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳಿಂದ ಸಣ್ಣ ಚೀಲಗಳನ್ನು ಗುರಿಗೆ ಎಸೆಯಿಸಿ ನೋಡಿದರು. ಮೂರು ಅಡಿ ದೂರದಿಂದಲೇ ಅಭ್ಯಾಸ ಮಾಡಿದ ಮಕ್ಕಳಿಗಿಂತ, ಎರಡು ಮತ್ತು ನಾಲ್ಕು ಅಡಿಗಳಿಂದ ಅಭ್ಯಾಸ ಮಾಡಿದವರೇ ಮೂರು ಅಡಿಯ ಪರೀಕ್ಷೆಯಲ್ಲಿ ಮುಂದಾದರು. ಆದ್ದರಿಂದ ಆಟಗಾರನನ್ನು ಅಳೆಯುವವನು ಮೂರು ಸ್ಥಿತಿಗಳಲ್ಲಿ ನೋಡಬೇಕು: ನಿಂತಲ್ಲಿ ಎಸೆಯುವಾಗ, ಓಡಿಬಂದು ಚೆಂಡು ಹಿಡಿದು, ಜಾಗ ಬದಲಿಸುತ್ತ ಎಸೆಯುವಾಗ, ಕೋರ್ಟಿನ ಉದ್ದಕ್ಕೆ ಹತ್ತಾರು ಸಲ ಓಡಿ ಉಸಿರು ಕಟ್ಟಿದಾಗ. ಮೊದಲನೆಯದರಲ್ಲಿ ಭಂಗಿ ಕಾಣುತ್ತದೆ. ಮೂರನೆಯದರಲ್ಲಿ ಆ ಭಂಗಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕಾಣುತ್ತದೆ.

ಇನ್ನು ಅಂಕಿಗಳ ಮಾತು. ಸಂಖ್ಯೆ ಪಕ್ಷಪಾತ ಮಾಡದು ಎಂದು ನಾನು ನಂಬಿದ್ದೆ. ನಿಜ, ಆದರೆ ಸಂಖ್ಯೆ ಚಿಕ್ಕದಾದಾಗ ಅದು ಏನನ್ನೂ ಹೇಳದು. ದೀರ್ಘಕಾಲದಲ್ಲಿ ಹತ್ತಕ್ಕೆ ಏಳು ಹಾಕುವವನು, ಯಾವುದಾದರೊಂದು ಹತ್ತರಲ್ಲಿ ಐದು ಅಥವಾ ಅದಕ್ಕೂ ಕಡಿಮೆ ಹಾಕುವ ಸಂಭವ ನೂರಕ್ಕೆ 15. ಹತ್ತಕ್ಕೆ ಐದರವನು ಏಳು ಅಥವಾ ಹೆಚ್ಚು ಹಾಕುವ ಸಂಭವ ನೂರಕ್ಕೆ 17. ಎರಡೂ ಅಪರೂಪದ ಸಂಗತಿಗಳಲ್ಲ. ನೂರು ಎಸೆತ ಕೊಟ್ಟರೂ ಏಳರವನ ಲೆಕ್ಕ 61ರಿಂದ 79ರವರೆಗೆ ತೂಗಾಡಬಹುದು. ಆದರೆ ಅವನು 50ಕ್ಕೆ ಇಳಿಯುವುದು ತೀರ ವಿರಳ. ಒಂದು ಅಗುಳಿನ ಗಾದೆ ಸುಳ್ಳಲ್ಲ. ಒಂದೇ ಪಾತ್ರೆಯಲ್ಲಿ ಒಂದೇ ಉರಿಗೆ ಬೆಂದ ಅಗುಳುಗಳಿಗೆ ಅದು ಸಲ್ಲುತ್ತದೆ. ಎಸೆತಗಳು ಹಾಗಲ್ಲ. ಪ್ರತಿಯೊಂದು ಎಸೆತವೂ ಬೇರೆ ಒಲೆಯ ಮೇಲಿನ ಅನ್ನ.

ಮಹಾಭಾರತದ ದ್ರೋಣನ ಪರೀಕ್ಷೆ ಎಲ್ಲರಿಗೂ ತಿಳಿದದ್ದೇ. ಮರದ ಮೇಲೆ ಕೃತಕ ಹಕ್ಕಿಯೊಂದನ್ನಿರಿಸಿ, ಏನು ಕಾಣುತ್ತದೆ ಎಂದು ಶಿಷ್ಯರನ್ನು ಕೇಳಿದ. ಧರ್ಮರಾಯನಿಗೆ ಮರ, ಗುರು, ತಮ್ಮಂದಿರು ಎಲ್ಲವೂ ಕಂಡರು. ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಂಡಿತು. ದ್ರೋಣ ಉಳಿದವರನ್ನು ಬಾಣ ಬಿಡುವ ಮೊದಲೇ ಪಕ್ಕಕ್ಕೆ ಸರಿಸಿದ; ಅವನು ಎಣಿಸಿದ್ದು ಬಿದ್ದ ಹಕ್ಕಿಗಳನ್ನಲ್ಲ, ನೆಟ್ಟ ನೋಟವನ್ನು. ಕೆನಡದ ಜೋನ್ ವಿಕರ್ಸ್ ಎಂಬ ವಿದುಷಿ 1996ರಲ್ಲಿ ಫ್ರೀ ಥ್ರೋ ಎಸೆಯುವ ಆಟಗಾರ್ತಿಯರ ಕಣ್ಣಿನ ಚಲನೆಯನ್ನು ಉಪಕರಣದಿಂದ ಅಳೆದರು. ನಿಪುಣೆಯರ ನೋಟ ಎಸೆತಕ್ಕೆ ಮುನ್ನ ರಿಂಗಿನ ಮೇಲೆ ಉಳಿದವರಿಗಿಂತ ಹೆಚ್ಚು ಹೊತ್ತು ನೆಟ್ಟು ನಿಲ್ಲುತ್ತಿತ್ತು. ಕಥೆ ಹೇಳಿದ್ದನ್ನು ಯಂತ್ರವೂ ಹೇಳಿತು.

ಕೈ ನೋಡಬೇಕು, ಲೆಕ್ಕವನ್ನೂ ಇಡಬೇಕು. ಭಂಗಿಯೊಂದನ್ನೇ ನಂಬಿದರೆ ರಿಕ್ ಬ್ಯಾರಿಯಂಥವರನ್ನು ಕಳೆದುಕೊಳ್ಳುತ್ತೇವೆ. ಹತ್ತೇ ಎಸೆತಗಳ ಅಂಕಿಯನ್ನು ನಂಬಿದರೆ ಆ ಹುಡುಗನಂಥವರನ್ನು. ಆ ಎರಡನೆಯ ನಷ್ಟವನ್ನು ಮಾಡಿದವನು ನಾನು. ಪುಸ್ತಕ ನೋಡಿದ ಮೇಲೆ ಅವನನ್ನು ಕರೆಸಿ, ಮುಂದಿನ ವರ್ಷ ಬಾ ಎಂದೆ. ತಪ್ಪು ನನ್ನದೆಂಬ ಮಾತು ಮಾತ್ರ ಮೇಷ್ಟ್ರ ಬಾಯಿಂದ ಹೊರಡಲಿಲ್ಲ. "ಆಗಲಿ ಸಾರ್" ಎಂದು ಹೋದವನು ಮತ್ತೆ ಚೆಂಡು ಮುಟ್ಟಲಿಲ್ಲ. ಈಗ ಅವನು ಎಲ್ಲಿರುವನೋ ತಿಳಿಯದು. ಈ ಆಕಾಶವಾಣಿ ಅವನ ಊರಿನದೇ. ಎಲ್ಲಿಯಾದರೂ ಕೇಳುತ್ತಿದ್ದರೆ ಅಂದು ಹೇಳಬೇಕಾಗಿದ್ದ ಮಾತನ್ನು ಇಂದು ಹೇಳುತ್ತೇನೆ: ಮಗು, ನಿನ್ನ ಎಸೆತ ಸರಿಯಾಗಿತ್ತು. ನೋಡಲು ಬಾರದೆ ಹೋದವನು ನಾನು.