ಬಾಲಚುಕ್ಕಿಯ ದೂಳು

2014ರ ಸೆಪ್ಟೆಂಬರಿನಲ್ಲಿ ಯುರೋಪಿನ ರೊಸೆಟ್ಟಾ ನೌಕೆ ತೆಗೆದ ಚಿತ್ರಗಳಲ್ಲಿ ಒಂದು ಬಿರುಕು ಕಂಡಿತು. ಚುರ್ಯುಮೋವ್–ಗೆರಾಸಿಮೆಂಕೊ ಬಾಲಚುಕ್ಕಿಯ ಮೇಲೆ, ಅಸ್ವಾನ್ ಎಂದು ಹೆಸರಿಟ್ಟ ಕಡಿದಾದ ದಿಬ್ಬದ ಅಂಚಿನಲ್ಲಿ, ಅದು ಸುಮಾರು 70 ಮೀಟರ್ ಉದ್ದಕ್ಕೆ ಬಾಯಿಬಿಟ್ಟಿತ್ತು. ಮರುವರ್ಷ ಜುಲೈ 10ರಂದು ಬಾಲಚುಕ್ಕಿಯಿಂದ ಭಾರಿ ದೂಳು ಚಿಮ್ಮಿತು. ಕೆಲವೇ ದಿನಗಳ ಬಳಿಕದ ಚಿತ್ರದಲ್ಲಿ ಆ ಅಂಚು ಕುಸಿದುಬಿದ್ದು, ಒಳಗಿನ ಬೆಳ್ಳನೆಯ ಹಿಮ ಹೊರಗೆ ಹೊಳೆಯುತ್ತಿತ್ತು. ಉಳಿದ ಮೈಯೆಲ್ಲ ಇದ್ದಿಲಿನಂತೆ ಕಪ್ಪು. 2016ರ ಆಗಸ್ಟ್ ಹೊತ್ತಿಗೆ ಆ ಹಿಮದ ಬಹುಪಾಲು ಆವಿಯಾಗಿ ಹೋಗಿತ್ತು.

ದೂಳನ್ನು ಹೊರಗೆ ತಳ್ಳುವುದು ಈ ಹಿಮವೇ. ಬಾಲಚುಕ್ಕಿ ಸೂರ್ಯನಿಂದ ಸುಮಾರು 45 ಕೋಟಿ ಕಿಲೋಮೀಟರಿಗಿಂತ ಹತ್ತಿರ ಬಂದಾಗ ನೀರಿನ ಹಿಮ ಜೋರಾಗಿ ಆವಿಯಾಗತೊಡಗುತ್ತದೆ. ಅಲ್ಲಿ ಗಾಳಿಯ ಒತ್ತಡವಿಲ್ಲ. ಹಾಗಾಗಿ ಹಿಮ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ನುಗ್ಗುವ ಆವಿ ದಾರಿಯಲ್ಲಿರುವ ದೂಳನ್ನು ಎತ್ತಿಕೊಂಡು ಹೋಗುತ್ತದೆ. ನಾಲ್ಕು ಕಿಲೋಮೀಟರ್ ಉದ್ದದ ಈ ಬಾಲಚುಕ್ಕಿಯ ಸೆಳೆತ ಎಷ್ಟು ಕಡಿಮೆಯೆಂದರೆ, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಸಿಕ್ಕರೆ ಕಣವೊಂದು ಅದರ ಹಿಡಿತದಿಂದ ಪಾರಾಗುತ್ತದೆ.

ಆ ಕಣಗಳೂ ಅಷ್ಟೇ ಹಗುರ. ರೊಸೆಟ್ಟಾದಲ್ಲಿ ದೂಳು ಹಿಡಿಯಲೆಂದೇ ಲೋಹದ ಫಲಕಗಳಿದ್ದವು. ನಿಧಾನವಾಗಿ ಬಂದು ತಾಗಿದ ಎಷ್ಟೋ ಕಣಗಳು ಅವುಗಳ ಮೇಲೆ ಪುಡಿಪುಡಿಯಾಗಿ ಹರಡಿಕೊಂಡವು. ಅವುಗಳ ತೂಕದಲ್ಲಿ ಅರ್ಧದ ಹತ್ತಿರ ಇಂಗಾಲದ ಸಂಯುಕ್ತಗಳು. ಬಾಲಚುಕ್ಕಿಯ ಮೈ ಕಪ್ಪಾಗಿರಲು ಮುಖ್ಯ ಕಾರಣ ಇದೇ.

ಹೊರಟ ಮೇಲೆ ಪ್ರತಿ ಕಣವೂ ತನ್ನದೇ ಕಕ್ಷೆ ಹಿಡಿಯುತ್ತದೆ. ಬಾಲವನ್ನು ಬೇರೆ ಬೇರೆ ದಿನ ಹೊರಟ ಕಣಗಳ ಗುಂಪು ಎಂದು ನೋಡಿದರೆ ಮಾತ್ರ ಅದರ ಆಕಾರ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಈ ವಿಷಯದ ಜೀವಾಳವೇ ಇದು. ಸೂರ್ಯನ ಬೆಳಕಿಗೂ ತಳ್ಳುವ ಬಲವಿದೆ. ಕಣ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಮೈ ಹೆಚ್ಚು, ಬೆಳಕಿನ ತಳ್ಳಾಟವೂ ಹೆಚ್ಚು. ಅದು ಹೊರಗೆ ಸರಿದು, ಓಟದಲ್ಲಿ ಹಿಂದೆ ಬೀಳುತ್ತದೆ. ಅದಕ್ಕೇ ತುಸು ಹಳದಿಯಾದ ದೂಳಿನ ಬಾಲ ಸೂರ್ಯನಿಗೆ ಬೆನ್ನು ಹಾಕಿ, ಬಾಗಿಕೊಂಡು ಕಾಣುತ್ತದೆ. ಸೂರ್ಯನನ್ನು ಸುತ್ತಿ ಮರಳುವಾಗ ಬಾಲಚುಕ್ಕಿಯ ಬಾಲವೇ ಮುಂದಿರುತ್ತದೆ. ಪಕ್ಕದಲ್ಲಿ ನೆಟ್ಟಗೆ ಚಾಚುವ ನೀಲಿ ಬಾಲ ವಿದ್ಯುದಾವೇಶ ಪಡೆದ ಅನಿಲದ್ದು. ಅದನ್ನು ಒಯ್ಯುವುದು ಸೌರಮಾರುತ.

ದಪ್ಪ ಕಣಗಳ ಕತೆಯೇ ಬೇರೆ. 2015ರ ಆಗಸ್ಟಿನಲ್ಲಿ ಸೂರ್ಯನಿಗೆ ಅತಿ ಸಮೀಪವಿದ್ದಾಗ ಚುರ್ಯುಮೋವ್–ಗೆರಾಸಿಮೆಂಕೊದ ದಕ್ಷಿಣ ಭಾಗ ಕಾಯುತ್ತಿತ್ತು, ಉತ್ತರ ಕತ್ತಲಲ್ಲಿತ್ತು. ದಕ್ಷಿಣದಿಂದ ಎದ್ದ ದಪ್ಪ ದೂಳಿನ ಒಂದು ಪಾಲು ಉತ್ತರದಲ್ಲಿ ಮರಳಿ ಬಿದ್ದಿತು. ಅಲ್ಲಿನ ನುಣುಪು ಬಯಲುಗಳು ಆದದ್ದು ಹೀಗೆ, ಸುತ್ತು ಸುತ್ತಿಗೂ ಬಿದ್ದ ದೂಳಿನಿಂದ.

ಬಾಲಚುಕ್ಕಿಯ ಹಿಡಿತ ತಪ್ಪಿಸಿಕೊಂಡ ದಪ್ಪ ಕಣಗಳು ಬೆಳಕಿಗೆ ಅಷ್ಟಾಗಿ ಜಗ್ಗದೆ ಕಕ್ಷೆಯ ಉದ್ದಕ್ಕೂ ಹರಡಿಕೊಳ್ಳುತ್ತವೆ. ಹ್ಯಾಲಿ ಬಾಲಚುಕ್ಕಿ ಬಿಟ್ಟುಹೋದ ಇಂಥ ಕಣಗಳೇ ಪ್ರತಿ ವರ್ಷ ಮೇ ಮತ್ತು ಅಕ್ಟೋಬರಿನಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ ಉಲ್ಕೆಗಳಾಗಿ ಉರಿಯುತ್ತವೆ. 2024ರ ಸೆಪ್ಟೆಂಬರ್ ಕೊನೆಯ ನಸುಕಿನಲ್ಲಿ ಬೆಂಗಳೂರಿನ ಆಕಾಶದಲ್ಲೂ ಕಂಡಿದ್ದ ತ್ಸುಚಿನ್‌ಷಾನ್–ಅಟ್ಲಾಸ್ ಬಾಲಚುಕ್ಕಿ, ಅಕ್ಟೋಬರ್ ನಡುವೆ ಸೂರ್ಯನ ಕಡೆಗೇ ಚಾಚಿದ ತೆಳ್ಳನೆಯ ಗೆರೆಯೊಂದನ್ನೂ ತೋರಿಸಿತು. ಭೂಮಿ ಅದರ ಕಕ್ಷೆಯ ಸಮತಲವನ್ನು ದಾಟುವಾಗ, ಅಲ್ಲಿ ಹಾಸಿಕೊಂಡಿದ್ದ ದಪ್ಪ ದೂಳು ಅಂಚಿನಿಂದ ಕಂಡದ್ದು ಹಾಗೆ.