ಗಮಕ ಬಲ್ಲ ಕೀಬೋರ್ಡು

ರಸಮಂಜರಿಯಲ್ಲಿ ನುಡಿಸುವ ಸಾಧಾರಣ ಕೀಬೋರ್ಡೊಂದರ ಸ್ಕ್ರೂ ಬಿಚ್ಚಿ, ಯಾವುದಾದರೂ ಒಂದು ಕೀಯ ಅಡಿ ಇಣುಕಿ ನೋಡಿ. ಉದ್ದಕ್ಕೆ ಹಾಸಿದ ರಬ್ಬರ್ ಪಟ್ಟಿ ಕಾಣುತ್ತದೆ. ಪ್ರತಿ ಕೀಗೂ ಅದರಲ್ಲೊಂದು ಗುಳ್ಳೆಯಂಥ ಉಬ್ಬು, ಉಬ್ಬಿನ ಒಳಮೈಯಲ್ಲಿ ಎರಡು ಕಪ್ಪು ಇಂಗಾಲದ ಬೊಟ್ಟು. ಕೀ ಒತ್ತಿದಾಗ ಒಂದು ಬೊಟ್ಟು ಕೆಳಗಿನ ಸರ್ಕಿಟ್ ಹಲಗೆಗೆ ಮೊದಲು ತಗಲುತ್ತದೆ, ಇನ್ನೊಂದು ತುಸು ತಡವಾಗಿ. ಆ ಎರಡರ ನಡುವೆ ಎಷ್ಟು ಹೊತ್ತು ಕಳೆಯಿತೆಂದು ಒಳಗಿನ ಚಿಪ್ ಎಣಿಸುತ್ತದೆ. ಬೇಗ ತಗಲಿದರೆ ಜೋರು ಹೊಡೆತ, ನಿಧಾನವಾದರೆ ಮೆದು ಹೊಡೆತ. ಈ ಎಣಿಕೆ 1ರಿಂದ 127ರ ನಡುವಿನ ಒಂದು ಅಂಕಿಯಾಗಿ ಹೊರಬೀಳುತ್ತದೆ. ಅಲ್ಲಿಗೆ ಬೆರಳಿನ ಬಗ್ಗೆ ಕೀಬೋರ್ಡು ತಿಳಿದುಕೊಳ್ಳುವುದು ಮುಗಿಯಿತು. ಆಮೇಲೆ ಬೆರಳು ಇನ್ನಷ್ಟು ಒತ್ತಲಿ, ಜಾರಲಿ, ನಡುಗಲಿ, ಕೀ ಮೇಲೇಳುವ ತನಕ ಅದಕ್ಕೇನೂ ಗೊತ್ತಾಗದು.

ಎಲೆಕ್ಟ್ರಾನಿಕ್ ಸಂಗೀತದ ಮುಂದಿನ ಯಂತ್ರಗಳು ಹೇಗಿರಬಹುದು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಚಿಪ್ಪಿನ ವೇಗ, ಸಾವಿರಾರು ಹೊಸ ಧ್ವನಿ, ಕೃತಕ ಬುದ್ಧಿಮತ್ತೆಯ ಕಡೆ ಓಡುತ್ತದೆ. ನನ್ನ ಊಹೆ ಬೇರೆ. ಧ್ವನಿ ಹುಟ್ಟಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಬಾಕಿ ಉಳಿದದ್ದೆಲ್ಲ ಆ ರಬ್ಬರ್ ಪಟ್ಟಿಯ ಆಸುಪಾಸಿನಲ್ಲಿದೆ.

ಬೇಕಿದ್ದರೆ ಲೆಕ್ಕ ಹಾಕಿ ನೋಡೋಣ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಕಂಪ್ಯೂಟರಿನಿಂದ 17 ಸೆಕೆಂಡಿನ ಒಂದು ಪುಟ್ಟ ರಾಗ ಹೊರಡಿಸಿದಾಗ ಅದೇ ದೊಡ್ಡ ಸಾಹಸವಾಗಿತ್ತು. ಈಗ ಡಿಜಿಟಲ್ ಧ್ವನಿಗೆ ಸೆಕೆಂಡಿಗೆ 48,000 ಅಂಕಿ ಬೇಕು ಎಂದುಕೊಳ್ಳಿ. ಒಂದೊಂದು ಅಂಕಿಗೂ ನೂರು ಗಣಿತಕ್ರಿಯೆ, ಒಟ್ಟಿಗೆ ನೂರು ಸ್ವರ ಎಂದರೂ ಸೆಕೆಂಡಿಗೆ 48 ಕೋಟಿ ಕ್ರಿಯೆಗಳಾದವು. ಜೇಬಿನಲ್ಲಿರುವ ಫೋನಿಗೆ ಇದು ದೊಡ್ಡ ಹೊರೆಯೇನಲ್ಲ. ಇನ್ನೂ ಹತ್ತು ಪಟ್ಟು ವೇಗದ ಚಿಪ್ ಬಂದರೆ ಸಂತೋಷವೇ, ಆದರೆ ಕೇಳುವ ಕಿವಿಗೆ ಅದರಿಂದ ಹತ್ತು ಪಟ್ಟು ಸುಖವೇನೂ ಸಿಗುವುದಿಲ್ಲ. ಚಿಪ್ಪಿನ ಕಡೆಯಿಂದ ನಿಜವಾದ ತೊಂದರೆ ಬಂದದ್ದು ವೇಗ ಸಾಲದೆ ಅಲ್ಲ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಅಸಾಹಿ ಕಸೇ ಮೈಕ್ರೋಡಿವೈಸಸ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಂಕಿಗಳನ್ನು ವಿದ್ಯುತ್ ಅಲೆಯಾಗಿ, ಅಲೆಯನ್ನು ಅಂಕಿಗಳಾಗಿ ಬದಲಿಸುವ ಪುಟ್ಟ ಚಿಪ್ಪುಗಳು ಅಲ್ಲಿ ತಯಾರಾಗುತ್ತಿದ್ದವು. ಆ ಒಂದು ಕಟ್ಟಡ ಉರಿದದ್ದಕ್ಕೆ ಜಗತ್ತಿನ ಎಷ್ಟೋ ಆಡಿಯೋ ಕಂಪನಿಗಳು ತಮ್ಮ ಉಪಕರಣಗಳ ವಿನ್ಯಾಸವನ್ನೇ ಬದಲಿಸಬೇಕಾಯಿತು. ಭವಿಷ್ಯ ಹೇಳುವವರು ಇಂಥದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಮತ್ತೆ ಬೆರಳಿಗೆ ಬರೋಣ. ಕೀಬೋರ್ಡು, ಕಂಪ್ಯೂಟರು, ಡ್ರಮ್ ಯಂತ್ರ ಪರಸ್ಪರ ಮಾತಾಡುವ ಭಾಷೆಗೆ ಮಿಡಿ ಎಂದು ಹೆಸರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳವೊಂದರಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜೂಪಿಟರ್-6 ಕೀಬೋರ್ಡುಗಳನ್ನು ಒಂದು ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಇದರ ಹಿಂದಿದ್ದ ಪ್ರಮುಖರು. ನಲವತ್ತು ವರ್ಷ ದಾಟಿದರೂ ಅದೇ ಭಾಷೆ ನಡೆಯುತ್ತಿದೆ ಎಂಬುದು ಅವರ ಜಾಣ್ಮೆಗೆ ಸಾಕ್ಷಿ. ಆದರೆ ಆ ಕಾಲದ ಚಿಪ್ಪಿಗೆ ತಕ್ಕಂತೆ ಅದು ಬಲು ಜಿಪುಣ ಭಾಷೆ. ಸೆಕೆಂಡಿಗೆ 31,250 ಬಿಟ್; ಒಂದು ಸ್ವರ ಶುರುವಾಯಿತು ಎಂದು ಹೇಳಲು ಸುಮಾರು ಒಂದು ಮಿಲಿಸೆಕೆಂಡು. ಸ್ವರವನ್ನು ಬಾಗಿಸುವ ಆಜ್ಞೆ ಇದೆ, ಆದರೆ ಅದು ಒಂದು ಚಾನೆಲ್ಲಿನಲ್ಲಿ, ಅಂದರೆ ಒಂದು ಧ್ವನಿಗೆ ಮೀಸಲಾದ ದಾರಿಯಲ್ಲಿ, ನುಡಿಯುತ್ತಿರುವ ಎಲ್ಲ ಸ್ವರಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ.

ಪಿಯಾನೊ ನುಡಿಸುವವರಿಗೆ ಇದರಿಂದ ನಷ್ಟವಿಲ್ಲ, ಪಿಯಾನೊದ ಸ್ವರ ಬಾಗುವುದೇ ಇಲ್ಲವಲ್ಲ. ಕರ್ನಾಟಕ ಸಂಗೀತ ನುಡಿಸಲು ಕೂತವರಿಗೆ ಇಲ್ಲೇ ಕೈ ಕಟ್ಟುತ್ತದೆ. ತೋಡಿ ರಾಗದ ಗಾಂಧಾರವನ್ನು ಕೀ ಒತ್ತಿ ನೇರವಾಗಿ ನಿಲ್ಲಿಸಿದರೆ ಅದು ತೋಡಿಯಾಗುವುದಿಲ್ಲ. ಆ ಸ್ವರದ ಜೀವ ಇರುವುದೇ ಅದರ ಓಲಾಟದಲ್ಲಿ, ಅಂದರೆ ಗಮಕದಲ್ಲಿ. ಓಲಾಡಿಸಲು ಎಡಗೈಯಿಂದ ಪಿಚ್ ಬೆಂಡ್ ಚಕ್ರ ತಿರುಗಿಸಬೇಕು. ಅದೇ ಹೊತ್ತಿಗೆ ಅದೇ ಧ್ವನಿಯಲ್ಲಿ ಪಂಚಮವನ್ನೂ ಒತ್ತಿ ಹಿಡಿದಿದ್ದರೆ, ಗಾಂಧಾರದ ಜತೆ ಪಂಚಮವೂ ತೂರಾಡುತ್ತದೆ. ಒಂದೇ ಸ್ವರ ನುಡಿಸುತ್ತ ಚಕ್ರವನ್ನು ಪಳಗಿಸಿಕೊಂಡು ಸೊಗಸಾಗಿ ರಾಗ ನುಡಿಸುವ ಕಲಾವಿದರು ನಮ್ಮಲ್ಲಿ ಇದ್ದಾರೆ. ಅದು ಅವರ ಸಾಧನೆ, ಯಂತ್ರದ ಹೆಚ್ಚುಗಾರಿಕೆಯಲ್ಲ.

ಈ ಕಟ್ಟು ಸಡಿಲವಾಗತೊಡಗಿದೆ. 2018ರಲ್ಲಿ ಎಂಪಿಇ ಎಂಬ ಪದ್ಧತಿಗೆ ಒಪ್ಪಿಗೆ ಸಿಕ್ಕಿತು. ಉಪಾಯ ಸರಳ: ಒಂದೊಂದು ಬೆರಳಿಗೆ ಒಂದೊಂದು ಚಾನೆಲ್ ಕೊಟ್ಟುಬಿಟ್ಟರೆ ಒಂದರ ನಡುಕ ಇನ್ನೊಂದಕ್ಕೆ ಹತ್ತುವುದಿಲ್ಲ. 2020ರಲ್ಲಿ ಬಂದ ಮಿಡಿ 2.0ದಲ್ಲಿ ಹೊಡೆತದ ಬಲವನ್ನು 65,536 ಹಂತಗಳಲ್ಲಿ ಹೇಳಬಹುದು, ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸಬಹುದು. ವಾದ್ಯಗಳೂ ಬಂದಿವೆ. ಇಲಿನಾಯ್ ವಿಶ್ವವಿದ್ಯಾಲಯದ ಲಿಪ್ಪೋಲ್ಡ್ ಹಾಕನ್ ರೂಪಿಸಿದ ಕಂಟಿನ್ಯುಅಮ್‌ನಲ್ಲಿ ಕೀಗಳೇ ಇಲ್ಲ, ಉದ್ದಕ್ಕೆ ಒಂದು ಮೆತ್ತನೆಯ ಕೆಂಪು ಹಾಸು. ಬೆರಳು ಜಾರಿದಲ್ಲೆಲ್ಲ ಸ್ವರ ಜಾರುತ್ತದೆ. 'ದಿಲ್ಲಿ-6' ಚಿತ್ರದ 'ರೆಹನಾ ತೂ' ಹಾಡಿನ ಕೊನೆಯಲ್ಲಿ ಎ. ಆರ್. ರೆಹಮಾನ್ ನುಡಿಸಿರುವುದು ಇದನ್ನೇ. ಫ್ರಾನ್ಸಿನ ಓಸ್ಮೋಸ್ ನೋಡಲು ಮಾಮೂಲಿ ಕೀಬೋರ್ಡಿನಂತಿದೆ, ಆದರೆ ಕೀಯನ್ನು ಅಕ್ಕಪಕ್ಕ ಅಲುಗಿಸಬಹುದು, ತಳ ಮುಟ್ಟಿದ ಮೇಲೂ ಇನ್ನಷ್ಟು ಒತ್ತಬಹುದು. ಬೆಲೆ ಕೇಳಿದರೆ ಮಾತ್ರ ನಮ್ಮ ಬಹುಪಾಲು ವಾದಕರು ಕೈ ಹಿಂತೆಗೆಯಬೇಕು. ಮುಂದಿನ ಹತ್ತು ವರ್ಷಗಳಲ್ಲಿ ಈ ಸಂವೇದಕಗಳು ಅಗ್ಗವಾಗಿ, ಆರ್ಕೆಸ್ಟ್ರಾದವರ ಕೀಬೋರ್ಡಿನೊಳಗೂ ಸೇರಿಕೊಳ್ಳುತ್ತವೆ ಎಂಬುದು ನಾನು ಧೈರ್ಯವಾಗಿ ಹೇಳಬಲ್ಲ ಭವಿಷ್ಯ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಅಷ್ಟು ಧೈರ್ಯವಿಲ್ಲ. ಗೂಗಲ್‌ನ ಸಂಶೋಧಕರು 2018ರಲ್ಲಿ ಎನ್‌ಸಿಂಥ್ ಸೂಪರ್ ಎಂಬ ಪೆಟ್ಟಿಗೆ ತೋರಿಸಿದರು. ಅದು ನಾಲ್ಕು ವಾದ್ಯಗಳ ನಾದವನ್ನು ಬೆರೆಸಿ ಹೊಸದೊಂದನ್ನು ಕಟ್ಟುತ್ತಿತ್ತು. ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಕೇಂದ್ರ ಇರ್ಕಾಮ್‌ನಲ್ಲಿ 2021ರಲ್ಲಿ ಸಿದ್ಧವಾದ ರೇವ್ ಎಂಬ ತಂತ್ರಾಂಶ, ಒಂದು ಧ್ವನಿಯನ್ನು ಕೇಳಿಸಿಕೊಂಡು ಅದನ್ನೇ ಇನ್ನೊಂದು ವಾದ್ಯದ ನಾದದಲ್ಲಿ ಆಗಿಂದಾಗಲೇ ಹೊರಡಿಸಬಲ್ಲದು. ಇಂಥ ಲೆಕ್ಕಕ್ಕೆಂದೇ ಮಾಡಿದ ಚಿಪ್ಪುಗಳು ವಾದ್ಯಗಳ ಒಳಗೆ ಬರುವುದು ಖಂಡಿತ. ನನ್ನ ತಕರಾರು ತರಬೇತಿಯದ್ದು. ಪಿಯಾನೊ, ಗಿಟಾರುಗಳನ್ನೇ ಕೇಳಿ ಬೆಳೆದ ಯಂತ್ರಕ್ಕೆ ಗಮಕ ಎಂದರೆ ಶ್ರುತಿ ತಪ್ಪಿದ ಸ್ವರ. ಶ್ರುತಿ ತಿದ್ದಲೆಂದು 1997ರಲ್ಲಿ ಬಂದ ಆಟೋಟ್ಯೂನ್ ತಂತ್ರಾಂಶಕ್ಕೆ ಒಂದು ಆಲಾಪನೆ ಕೊಟ್ಟು, ತಿದ್ದುವ ವೇಗವನ್ನು ಪೂರ್ತಿ ಏರಿಸಿ ನೋಡಿ. ಒಂದೊಂದು ಜಾರನ್ನೂ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಕೊಡುತ್ತದೆ.

ಯಾವ ಯಂತ್ರವೂ ದಾಟಲಾಗದ ಗೆರೆಯೂ ಒಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಬೆಂಗಳೂರಿನ ಗುರುಗಳಿಂದ ವಿಡಿಯೋ ಕರೆಯಲ್ಲಿ ಪಾಠ ಹೇಳಿಸಿಕೊಳ್ಳುವ ಕನ್ನಡದ ಮಕ್ಕಳು ಬಹಳ. ಅವರು ಒಬ್ಬರಾದ ಮೇಲೆ ಒಬ್ಬರು ಹಾಡಬಹುದು, ಕೂಡಿ ಹಾಡಲಾಗದು. ಮುಂದಿನ ಉಪಕರಣ ಇದನ್ನು ಸರಿಮಾಡೀತೇ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ನಡುವಿನ ದೂರ ಸುಮಾರು 14,000 ಕಿ.ಮೀ. ಹೋಗಲು 70 ಮಿಲಿಸೆಕೆಂಡು, ಬರಲು 70. ಕೇಬಲ್ ನೇರವಾಗಿದ್ದರೆ ಇಷ್ಟು, ಅದು ನೇರವಾಗಿರುವುದಿಲ್ಲ. ಸೆಕೆಂಡಿಗೊಂದು ತಾಳ ಹಾಕಿ ಅದರೊಳಗೆ ನಾಲ್ಕು ಮಾತ್ರೆ ಹಾಡಿದರೆ ಮಾತ್ರೆಗೆ 250 ಮಿಲಿಸೆಕೆಂಡು. ಗುರುಗಳ ತಾಳಕ್ಕೆ ಶಿಷ್ಯೆ ಕರಾರುವಾಕ್ಕಾಗಿ ಹಾಡಿದರೂ ಅವರ ಕಿವಿಗೆ ಅರ್ಧ ಮಾತ್ರೆಗಿಂತ ಹಿಂದೆ ಬಿದ್ದಿರುತ್ತಾಳೆ. ಮೈಸೂರಿನ ಶಿಷ್ಯೆಗೆ ಈ ಕಷ್ಟ ಇರಬೇಕಿಲ್ಲ. ಬೆಂಗಳೂರು-ಮೈಸೂರು ನಡುವೆ ಬೆಳಕಿಗೆ ಒಂದು ಮಿಲಿಸೆಕೆಂಡೂ ಬೇಡ. ಕಛೇರಿಯ ವೇದಿಕೆಯಲ್ಲಿ ಮೂರೂವರೆ ಮೀಟರ್ ಆಚೆ ಕೂತ ಮೃದಂಗದ ನಾದವೇ ಗಾಯಕರನ್ನು ತಲುಪಲು ಹತ್ತು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೆಂಗಳೂರು-ಮೈಸೂರು ಕರೆಯಲ್ಲಿ ತಡ ಮಾಡುತ್ತಿರುವುದು ಫೋನು, ಬ್ಲೂಟೂತ್ ಹೆಡ್‌ಫೋನು, ನಡುವಿನ ತಂತ್ರಾಂಶ. ಅವನ್ನು ಸರಿಪಡಿಸಬಹುದು, ಸರಿಪಡಿಸುವವರು ಬೇಕಷ್ಟೆ.

ಯಾವ ಯಂತ್ರ ಯಾವುದಕ್ಕೆ ಒದಗುತ್ತದೆ ಎಂಬುದು ತಯಾರಿಸಿದವರಿಗೂ ಗೊತ್ತಿರುವುದಿಲ್ಲ. ಒಬ್ಬರೇ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಸಾಥ್ ಕೊಡಲೆಂದು ರೋಲ್ಯಾಂಡ್ ಮಾಡಿದ ಟಿಬಿ-303 ಮಾರುಕಟ್ಟೆಯಲ್ಲಿ ಸೋತು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಅದನ್ನೂ ಬಳಸಿ ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆಯನ್ನೇ ತಂದರು. ಐದು ವರ್ಷ ಬಿಟ್ಟು ಷಿಕಾಗೋದ ಹುಡುಗರು ಅದೇ ಪೆಟ್ಟಿಗೆಯಿಂದ ಆಸಿಡ್ ಹೌಸ್ ಎಂಬ ಪ್ರಕಾರ ಹುಟ್ಟಿಸಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು ಎಂಬುದು ಇಬ್ಬರಿಗೂ ಒದಗಿತು. ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ರೇಡೆಲ್ ಇದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ನುಡಿಸುವವರೇ ಬೆಸುಗೆ ಕಡ್ಡಿ ಹಿಡಿದಾಗ ಆಗುವ ಕೆಲಸ ಅದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬೇಲಾದಂಥ ಅಂಗೈಯಗಲದ ಹಲಗೆಗಳು ಸಂವೇದಕದಿಂದ ಧ್ವನಿಗೆ ಒಂದು ಮಿಲಿಸೆಕೆಂಡಿನ ಒಳಗೇ ತಲುಪುತ್ತವೆ; ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೂ ಅಷ್ಟು ಸಾಕು.

ಹಾಗೆ ಯಾರಾದರೂ ಹೊರಟರೆ ಮೊದಲು ಕೈ ಹಾಕಬೇಕಾದ್ದು ಸ್ಪರ್ಶಕ್ಕೆ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿವೆ. ತಂತಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದಂತೆ ಸ್ವರ ಏರುತ್ತದೆ, ಜತೆಗೆ ತಂತಿಯೂ ಬೆರಳನ್ನು ವಾಪಸ್ ಎಳೆಯುತ್ತದೆ. ಎಷ್ಟು ಎಳೆದಿದ್ದೇನೆ ಎಂದು ಕೈಗೆ ಗೊತ್ತಾಗುವುದು ಆ ಬಿಗಿಯಿಂದ. ಮೆತ್ತನೆ ಹಾಸಿಗಾಗಲಿ ಫೋನಿನ ಗಾಜಿಗಾಗಲಿ ಈ ವಾಪಸ್ ಎಳೆತವಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕ್ಲೋದ್ ಕಾಡೋಜ್ ಮತ್ತು ಸಂಗಡಿಗರು 1970ರ ದಶಕದಿಂದಲೇ ಮೋಟಾರಿನಿಂದ ಕೈಗೆ ಬಲ ಹಿಂತಿರುಗಿಸುವ ವಾದ್ಯಗಳ ಬೆನ್ನು ಹತ್ತಿದ್ದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರದು ಇನ್ನೊಂದು ದಾರಿ: ಗಾಜನ್ನು ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸಿದರೆ ಬೆರಳಿಗೂ ಗಾಜಿಗೂ ನಡುವೆ ಗಾಳಿಯ ತೆಳು ಪದರ ಸಿಕ್ಕಿಕೊಂಡು ಘರ್ಷಣೆ ಇಳಿಯುತ್ತದೆ. ಬೆರಳು ಸಾಗುತ್ತಿದ್ದ ಹಾಗೆ ಈ ಕಂಪನವನ್ನು ಹೆಚ್ಚು ಕಡಿಮೆ ಮಾಡಿದರೆ ಸಪಾಟು ಗಾಜಿನ ಮೇಲೆ ಏಣು ಇದ್ದಂತೆ ಭಾಸವಾಗುತ್ತದೆ. ಇಲ್ಲದ ಮೆಟ್ಟಿಲನ್ನು ಬೆರಳಿಗೆ ಮುಟ್ಟಿಸಬಹುದು ಎಂದಾಯಿತು.

ತೊಡಕು ಒಂದೇ. ಗಾಜು ಇಡಿಯಾಗಿ ಕಂಪಿಸುವುದರಿಂದ ಹತ್ತು ಬೆರಳಿಗೆ ಹತ್ತು ಬಗೆಯ ಸ್ಪರ್ಶ ಕೊಡಲಾಗದು. ಪಿಯಾನೊದ ಲೆಕ್ಕದಲ್ಲಿ ಯೋಚಿಸುವ ಕಂಪನಿಗಳು ಇದನ್ನು ದೊಡ್ಡ ಕೊರತೆಯೆಂದು ಬದಿಗಿಟ್ಟಾವು. ವೀಣೆಯಲ್ಲಿ ರಾಗ ಸಾಗುವುದು ಒಂದು ಹೊತ್ತಿಗೆ ಒಂದೇ ತಂತಿಯ ಮೇಲೆ, ಎಡಗೈಯ ತೋರುಬೆರಳು ನಡುಬೆರಳು ಜೋಡಿಯಾಗಿ ಓಡಾಡುವ ಒಂದೇ ಜಾಗದಲ್ಲಿ. ಒಂದೇ ಬೆರಳಿಗೆ ಸ್ಪರ್ಶ ಕೊಡಬಲ್ಲ ಗಾಜು ನಮಗೆ ಈಗಲೇ ಸಾಕು.